ನಾಚಾರಂನ ಡೇಟಾಬೇಸ್ ಅಕ್ಕ

ಮೊನ್ನೆ ಹೈದರಾಬಾದಿನ ಉಪ್ಪಲ್‌ನ ನಮ್ಮ ಆಫೀಸಿನಲ್ಲಿ ಯಾರೋ ಊಟದ ಡಬ್ಬಿ ಬಿಸಿಗಿಟ್ಟಿದ್ದರು. ಗೋಂಗೂರದ ಹುಳಿ ವಾಸನೆ ನನ್ನ ಮೇಜಿನವರೆಗೂ ಬಂತು. ಅದನ್ನು ಗೋಂಗೂರ ಎಂದು ಕರೆದರೆ ನನ್ನ ಹಳೆಯ ಆಫೀಸಿನ ಅಕ್ಕನಿಗೆ ಸಿಟ್ಟು. “ಪುಂಡಿಪಲ್ಯ ಅನ್ನೋ,” ಎನ್ನುತ್ತಿದ್ದರು. “ಈ ಊರಾಗ ಎಲ್ಲಾ ಬಿಟ್ಟೀನಿ, ಇದರ ಹೆಸರೊಂದು ಬಿಡಂಗಿಲ್ಲ.”

ನಿಜಕ್ಕೂ ಹಾಗೆನ್ನುತ್ತಿದ್ದರೇ? ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ವಿಶ್ವವಿದ್ಯಾಲಯ ಕಲಿಸಿದ ಚಟ ಅದು, ಎಲ್ಲಕ್ಕೂ ಆಧಾರ ಕೇಳುವುದು... ಆ ಹುಳಿ ವಾಸನೆ ಮಾತ್ರ ಸುಳ್ಳಲ್ಲ.

ಅವರು ನಾಚಾರಂನ ಒಂದು ಔಷಧಿ ಗೋದಾಮಿನ ಡೇಟಾಬೇಸ್ ನೋಡಿಕೊಳ್ಳುತ್ತಿದ್ದರು. ಕಲಬುರಗಿ ಕಡೆಯ ಮನೆತನ. ಅಪ್ಪನ ಸರ್ಕಾರಿ ನೌಕರಿಯಿಂದಾಗಿ ಹೈದರಾಬಾದಿನಲ್ಲೇ ಬೆಳೆದವರು. ನಾನು ಮೈಸೂರಿನಿಂದ ಹೊಸದಾಗಿ ಬಂದು ಅದೇ ಗೋದಾಮಿನಲ್ಲಿ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸ್ಕ್ರಿಪ್ಟ್ ಬರೆಯುತ್ತಿದ್ದೆ. ಲಾರಿ ಡ್ರೈವರುಗಳ ಜೊತೆ ತೆಲುಗು, ವಾಚ್‌ಮನ್ ಜೊತೆ ಹಿಂದಿ ಮುಗಿಸಿ ಅವರು ನನ್ನ ಕಡೆ ತಿರುಗಿ ಕನ್ನಡಕ್ಕೆ ಬರುತ್ತಿದ್ದರು. ಆ ಕ್ಷಣಕ್ಕೆ ನಾನು ದಿನವಿಡೀ ಕಾಯುತ್ತಿದ್ದೆ.

ಅಕ್ಕ ಯಾರಿಗೂ ಮಾಹಿತಿ ತುಂಬಿದ ಟೇಬಲ್‌ಗಳನ್ನು ನೇರವಾಗಿ ಮುಟ್ಟಲು ಬಿಡುತ್ತಿರಲಿಲ್ಲ. ಏನು ಬೇಕಾದರೂ, ಡೇಟಾಬೇಸಿನೊಳಗೇ ಅವರು ಬರೆದಿಟ್ಟ ಪುಟ್ಟ ಪ್ರೋಗ್ರಾಂಗಳನ್ನು, ಅಂದರೆ ಪ್ರೊಸೀಜರ್‌ಗಳನ್ನು ಕರೆದು ಕೇಳಬೇಕು. ಸ್ಕ್ರಿಪ್ಟು ಉತ್ತರ ತುಂಬಿಸಿಕೊಳ್ಳಲು ಖಾಲಿ ಡಬ್ಬಿಯಂತೆ ಒಂದು ವೇರಿಯಬಲ್ ಕೊಟ್ಟು ಕರೆಯುತ್ತದೆ. ಪ್ರೊಸೀಜರ್ ನಾವು ಕೇಳಿದ ಬ್ಯಾಚಿನ ಔಷಧಿಗಳ ಸಾಲುಗಳನ್ನೆಲ್ಲ ಕಳಿಸಿ, ಲಾರಿಗೆ ಏರಿಸಬಹುದೋ ಬೇಡವೋ ಎಂಬ ತೀರ್ಪನ್ನು ಆ ವೇರಿಯಬಲ್‌ನಲ್ಲಿ ತುಂಬುತ್ತದೆ. ಅದೇ ಔಟ್‌ಪುಟ್ ಪ್ಯಾರಾಮೀಟರ್. ಹೊಸ ಮ್ಯಾನೇಜರಿಗೆ ಇದೆಲ್ಲ ಹಳೆಯ ಕಾಲದ ಹಟ ಅನ್ನಿಸಿತ್ತು. ನನ್ನ ಸ್ಕ್ರಿಪ್ಟು ಅಕ್ಕನ ಪ್ರೊಸೀಜರ್‌ನಿಂದ ಸರಿಯಾದ ಉತ್ತರ ತಂದರೆ ಸರಿ, ಇಲ್ಲವಾದರೆ ಅವರು ವರ್ಷಗಟ್ಟಲೆ ಬರೆದದ್ದನ್ನೆಲ್ಲ ಕಿತ್ತುಹಾಕುವುದು ಎಂದು ಹೇಳಿಬಿಟ್ಟರು.

ಪರೀಕ್ಷೆಯ ದಿನ ಮ್ಯಾನೇಜರ್ ಎದುರೇ ಸ್ಕ್ರಿಪ್ಟು ಓಡಿಸಿದೆವು. ಸಾಲುಗಳು ಬಂದವು. ತೀರ್ಪಿನ ಜಾಗ ಖಾಲಿ.

“ಏಂಟಿ ಮೇಡಂ, ಮೀ ಪ್ರೊಸೀಜರ್ ನಿದ್ರಪೋಯಿಂದಾ?” ನಿಮ್ಮ ಪ್ರೊಸೀಜರ್ ನಿದ್ದೆಹೋಯಿತೇ ಎಂದು ತೆಲುಗಿನಲ್ಲಿ ಕೇಳಿ ಮ್ಯಾನೇಜರ್ ನಕ್ಕರು.

ಅಕ್ಕ ನಗಲಿಲ್ಲ. ನನ್ನ ಪಕ್ಕ ಕುರ್ಚಿ ಎಳೆದುಕೊಂಡು ನನ್ನ ಕೋಡು ಓದಿದರು. ಪ್ರೊಸೀಜರ್ ಕರೆದ ತಕ್ಷಣ, ಸಾಲುಗಳನ್ನು ಓದಿ ಮುಗಿಸುವ ಮೊದಲೇ, ನನ್ನ ಸ್ಕ್ರಿಪ್ಟು ವೇರಿಯಬಲ್ ನೋಡುತ್ತಿತ್ತು.

“ಮೆಹದಿಪಟ್ನಂ ಬಸ್ ನೋಡಿಲ್ಲೇನೋ ತಮ್ಮಾ? ಕಡೀ ಸ್ಟಾಪಿನಾಗ ಮಂದಿ ಎಲ್ಲಾ ಇಳದ ಮ್ಯಾಲೆ ಕಂಡಕ್ಟರ್ ಇಳೀತಾನ. ನೀ ಬಸ್ ನಿಂತಕೂಡ್ಲೆ ಕಂಡಕ್ಟರ್ ಎಲ್ಲಿ ಅಂತ ಒದರಾಕತ್ತಿ!”

“ಮೊದಲೇ ಹೇಳಬಾರದಿತ್ತಾ ಅಕ್ಕ?”

“ನೀ ಎಲ್ಲಿ ಕೇಳ್ತಿ? ಏನ್ ಹೇಳಿದ್ರೂ ಆಧಾರ ಏನೈತಿ ಅಂತಿ.”

ಸಾಲುಗಳೆಲ್ಲ ಮುಗಿದ ಮೇಲೆ ವೇರಿಯಬಲ್ ಓದುವಂತೆ ಸ್ಕ್ರಿಪ್ಟು ಬದಲಾಯಿತು. ತೀರ್ಪು ಬಂತು. ಬದಲಿಸಿದ್ದು ನಾನೋ, ಕೀಬೋರ್ಡ್ ಕಿತ್ತುಕೊಂಡು ಅವರೋ... ಈಗ ಸ್ಪಷ್ಟವಿಲ್ಲ. ಅಂದು ಮಧ್ಯಾಹ್ನ ತಮ್ಮ ಪಾಲಿನ ರೊಟ್ಟಿಯನ್ನೂ ಮುರಿದು ನನ್ನ ತಟ್ಟೆಗೆ ಹಾಕಿದರು, ಅದು ಸ್ಪಷ್ಟ.

ಪ್ರೊಸೀಜರ್‌ಗಳು ಉಳಿದವು. ಎಷ್ಟು ಚೆನ್ನಾಗಿ ನಡೆದವೆಂದರೆ, ಅವನ್ನು ನೋಡಿಕೊಳ್ಳಲು ಒಬ್ಬರು ಯಾಕೆ ಬೇಕು ಎಂದು ಕಂಪನಿ ಕೇಳತೊಡಗಿತು. ಮುಂದಿನ ಬೇಸಿಗೆಗೆ ಅಕ್ಕನ ಕೆಲಸ ಹೋಯಿತು. ಗೇಟಿನವರೆಗೆ ಜೊತೆಗೆ ನಡೆದೆ. “ಮಾರಿ ಯಾಕ ಸಣ್ಣ ಮಾಡ್ಕೊಂಡಿ? ಮನೀಗೆ ಬರ್ತಾ ಇರು,” ಎಂದು ನನ್ನನ್ನೇ ಸಮಾಧಾನ ಮಾಡಿದರು. ಕೆಲವು ಸಲ ಹೋದೆ. ಆಮೇಲೆ ಅವರು ಕಲಬುರಗಿಗೆ ಹೊರಟುಹೋದರು, ಫೋನುಗಳು ಹಬ್ಬಕ್ಕೊಮ್ಮೆ ಆದವು, ಆಮೇಲೆ... ಹೋದ ವರ್ಷ ತೀರಿಕೊಂಡರೆಂದು ಹಳೆಯ ಸಹೋದ್ಯೋಗಿಯೊಬ್ಬ ತಿಳಿಸಿದ.

ನಾಚಾರಂನ ಲಾರಿಗಳು ಇಂದಿಗೂ ಅವರ ಪ್ರೊಸೀಜರ್ ಒಪ್ಪಿದ ಮೇಲೆಯೇ ಹೊರಡುತ್ತವಂತೆ. ನಮ್ಮ ಆಫೀಸಿನಲ್ಲಿ ಈಗ ಕನ್ನಡದವರಿಗೇನೂ ಬರವಿಲ್ಲ, ಬೆಂಗಳೂರಿನವರಿದ್ದಾರೆ, ಮಂಗಳೂರಿನವರಿದ್ದಾರೆ. ಎಲ್ಲರೂ ನನ್ನನ್ನು ಸರ್ ಎನ್ನುತ್ತಾರೆ, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಈ ಊರಿನಲ್ಲಿ ನನ್ನನ್ನು ನೀನು ಎಂದು ಬೈಯುವವರು ಯಾರೂ ಉಳಿದಿಲ್ಲ.