ಜವರಯ್ಯನ ಬೈಗುಳದ ಗೇಟು

ಆಗಸ್ಟ್ ೬, ಬುಧವಾರ. ಬೆಳಿಗ್ಗೆ ತುಂತುರು, ಹತ್ತರ ಮೇಲೆ ಚುರುಕು ಬಿಸಿಲು. ಮದ್ದೂರಿನಾಚೆಯ ರೈಲ್ವೆ ಗೇಟು ಕಾಯುವ ಜವರಯ್ಯ, ಯಮನ ಹೆಸರಿಟ್ಟುಕೊಂಡು ಯಮನ ಕಸುಬನ್ನೇ ಕೆಡಿಸುವ ಆಸಾಮಿ. ಮುಚ್ಚಿದ ಗೇಟಿನಡಿ ನುಸುಳುವವರನ್ನು ಫಲಕವಾಗಲಿ ದಂಡವಾಗಲಿ ತಡೆಯದೆಂದು ಬಲ್ಲ ಆತ, ನಮ್ಮ ಸೀಮೆಯವರು ಪ್ರಾಣವನ್ನಾದರೂ ಬಿಟ್ಟಾರು, ಮರುಮಾತು ಬಿಡಲಾರರು ಎಂಬ ನಂಬಿಕೆಯ ಮೇಲೆಯೇ ಕೆಲಸ ನಡೆಸುತ್ತಾನೆ. ಯಾರಾದರೂ ತಲೆ ಬಗ್ಗಿಸಿದರೆ ಸಾಕು, ಬೈಗುಳವೊಂದು ಹಾರುತ್ತದೆ. ಇಂದು ಬಗ್ಗಿದವನು ಎರಡು ಕುರಿ ಹಿಡಿದಿದ್ದ ಮಳವಳ್ಳಿ ಕಡೆಯ ದೇವರಾಜು. "ಲೇ ದೇವರಾಜ, ಇವು ಬಂಡೂರು ಕುರಿನೇನ್ಲಾ? ನಮ್ಮನೆ ಬೆಕ್ಕು ಇವಕ್ಕಿಂತ ದಪ್ಪಗದೆ!" ದೇವರಾಜು ಸೆಟೆದು ನಿಂತ. "ಬೆಕ್ಕಾ? ನಿನ್ ಕಣ್ಗೆ ಮಣ್ಣಾಕ! ಕಾಲ್ ನೋಡ್ಲಾ, ಬೆನ್ ನೋಡ್ಲಾ!" ಎಂದು ಕುರಿಗಳ ಮೂರು ತಲೆಮಾರಿನ ವಂಶಾವಳಿ ಒಪ್ಪಿಸುವಷ್ಟರಲ್ಲಿ ರೈಲು ಹೋಗಿಯೇಬಿಟ್ಟಿತು. "ಬುಡು, ಕುರಿ ಚೆನ್ನಾಗವೆ ಕಣ್ಲಾ, ಓಗು" ಎಂದು ಜವರಯ್ಯ ಗೇಟೆತ್ತಿದ. ಒಮ್ಮೆ ಬೈದದ್ದು ಮತ್ತೊಮ್ಮೆ ನಾಟುವುದಿಲ್ಲವಾದ್ದರಿಂದ, ಯಾರಿಗೆ ಏನು ಬೈದೆನೆಂಬುದನ್ನು ಆತ ಒಂದು ಪುಸ್ತಕದಲ್ಲಿ ಬರೆದಿಡುತ್ತಾನೆ. ಅದರಲ್ಲಿ ಸೊಪ್ಪು ಮಾರುವ ಚಿಕ್ಕಬೋರಮ್ಮನ ಹೆಸರು ಮಾತ್ರ ಇಲ್ಲ. ಆಕೆಗೆ ಕಿವಿ ಕೇಳಿಸದು. ಬೈಗುಳವೂ ಕೇಳಿಸದು, ರೈಲೂ ಕೇಳಿಸದು. ಆಕೆ ಬಂದಾಗ ಜವರಯ್ಯ ಒಂದು ಕೈಯಲ್ಲಿ ಹಸಿರು ಬಾವುಟ, ಇನ್ನೊಂದರಲ್ಲಿ ಆಕೆಯ ಕೈ ಹಿಡಿದು, ಕೊನೆಯ ಬೋಗಿ ದಾಟುವವರೆಗೆ ನಿಂತಿರುತ್ತಾನೆ. "ಕೈ ಬುಡ್ಲಾ, ನಾನೇನ್ ಓಡೋಯ್ತೀನಾ?" ಎಂದು ಆಕೆ ದಿನವೂ ಬೈಯುತ್ತಾಳೆ. ಅದಕ್ಕೆ ಮಾತ್ರ ಅವನದು ಮರುಮಾತಿಲ್ಲ. ಇಂದಿನ ನನ್ನ ಖರ್ಚು: ಗೇಟಿನಲ್ಲಿ ಕಾದು ನಿಂತ ಹನ್ನೊಂದು ನಿಮಿಷ.