ಒಂದೂ ಚಿಲ್ಲರೆ ಕೆಮಿಸ್ಟ್ರಿ

ನನ್ನ ಮಗಳು ಒಂದೂ ಚಿಲ್ಲರೆ ಕೆಮಿಸ್ಟ್ರಿ ಓದಿದ್ದಾಳಂತೆ.

ಹೀಗೆ ಹೇಳಿದ್ದು ನಾನಲ್ಲ, ಬೇರೆ ರಾಜ್ಯದ ಒಂದು ಯೂನಿವರ್ಸಿಟಿ. ಸಬಾಗೆ ಅಲ್ಲಿ ನರ್ಸಿಂಗ್ ಮೂರನೇ ವರ್ಷಕ್ಕೆ ಸೀಟು ಸಿಕ್ಕಿದೆ. ಸಿಹಿ ಹಂಚಿಯೂ ಆಯ್ತು. (ಪರದೇಶದ ಈ ಮಿಲ್ ಕ್ರೀಕ್ ಊರಿನ ನಮ್ಮ ಬೀದಿಯಲ್ಲಿ ನನ್ನ ಫಿರ್ನಿ ತಿನ್ನದ ಮನೆಯಿಲ್ಲ.) ಆಮೇಲೆ ಬಂತು ಇಮೇಲ್. ಸೀಟು ನಿಮ್ಮದೇ, ಆದರೆ ಕ್ಲಾಸು ಶುರುವಾಗೋದರೊಳಗೆ ಎರಡು ಸೆಮಿಸ್ಟರ್ ಕೆಮಿಸ್ಟ್ರಿ ಮುಗಿಸಿರಬೇಕು. ನೀವು ಮುಗಿಸಿರೋದು ಒಂದೂ ಚಿಲ್ಲರೆ.

ಬಿಡಿಸಿ ಹೇಳ್ತೀನಿ. ಸಬಾ ಮೊದಲೆರಡು ವರ್ಷ ಓದುತ್ತಿರೋ ಇಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ವರ್ಷದ ಪಾಠವನ್ನು ಮೂರು ಕ್ವಾರ್ಟರ್ ಮಾಡಿ ಹಂಚ್ತಾರೆ. ಅಲ್ಲಿ ಅದೇ ಪಾಠ ಎರಡು ಸೆಮಿಸ್ಟರ್‌ನಲ್ಲಿ ಮುಗಿಯುತ್ತೆ. ಇಲ್ಲಿನ ಮೂರು ಅಲ್ಲಿನ ಎರಡಕ್ಕೆ ಸಮ. ಇಲ್ಲಿನ ಎರಡು? ಯಾವುದಕ್ಕೂ ಸಮ ಅಲ್ಲ, ಒಂದರ ಮೇಲೆ ಚಿಲ್ಲರೆ.

ಮೂರನೇ ಭಾಗ ಬೇಕಾ ಅಂತ ಅವಳು ಕೇಳಿದ್ದಳು, ಪಾಪ. ನಮ್ಮ ಮನೆಯವರು ಮೈಸೂರಲ್ಲಿ ಸೆಮಿಸ್ಟರ್ ಲೆಕ್ಕದಲ್ಲೇ ಇಂಜಿನಿಯರ್ ಆದವರು. "ಅಲ್ಲಿ ಕೇಳಿರೋದು ಎರಡು. ನೀನು ಮಾಡಿರೋದು ಎರಡು. ಮುಗೀತಲ್ಲಮ್ಮ," ಅಂದರು. ನಾನೂ ತಲೆಯಾಡಿಸಿದೆ. (ಈ ಮನೆಯಲ್ಲಿ ಲೆಕ್ಕಕ್ಕೆ ಅವರು, ತಲೆಯಾಡಿಸೋಕೆ ನಾನು.) ಖಾಲಿಯಾದ ಜಾಗಕ್ಕೆ ಸಬಾ ಕುಂಬಾರಿಕೆ ಕ್ಲಾಸ್ ಹಾಕಿಕೊಂಡಳು. ಈಗ ಮನೆ ತುಂಬ ಸೊಟ್ಟ ಹೂದಾನಿಗಳಿವೆ. ಕೆಮಿಸ್ಟ್ರಿ ಇಲ್ಲ.

ಇಮೇಲ್ ಓದಿದವಳೇ ಸಿಟಿಯ ಡೆನ್ನಿ ಟ್ರಯಾಂಗಲ್ ಏರಿಯಾದಲ್ಲಿರೋ ನಮ್ಮ ಮನೆಯವರ ಆಫೀಸಿಗೆ ಕಾಲ್ ಮಾಡಿದೆ.

"ಮೀಟಿಂಗಲ್ಲಿದೀನಿ."

"ಇರ್ಲಿ ರೀ. ನಿಮ್ಮ ಎರಡಕ್ಕೆರಡು ಸರಿಹೋಗಿಲ್ವಂತೆ."

ಅವರು ಮೆಲ್ಲಗೆ, "ರೌಂಡ್ ಆಫ್ ಮಾಡಲ್ವಂತಾ?"

ತರಕಾರಿ ಅಂಗಡಿಯೇ ಇದು, ರೌಂಡ್ ಆಫ್ ಮಾಡೋಕೆ?

ಉಳಿದಿರೋ ದಾರಿ ಒಂದೇ. ಮೂರನೇ ಭಾಗವನ್ನು ಬೇಸಿಗೆಯಲ್ಲಿ ಓದಿ ಮುಗಿಸೋದು. ಆ ಕ್ಲಾಸ್ ಭರ್ತಿಯಾಗಿದೆ. ಸಬಾ ವೇಟ್‌ಲಿಸ್ಟ್‌ನಲ್ಲಿದ್ದಾಳೆ. ಸಿಗದಿದ್ದರೆ ನರ್ಸಿಂಗ್ ಸೀಟು ಹೋಯ್ತು, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕು.

ನನ್ನ ಅಬ್ಬಾ ಆಗಿದ್ದರೆ ಏನು ಮಾಡ್ತಿದ್ರು? ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಕಾಲೇಜಾಫೀಸಿನ ಬೆಂಚಲ್ಲಿ ಕೂತುಬಿಡ್ತಿದ್ರು. ಗುಮಾಸ್ತರು ಊಟಕ್ಕೆ ಎದ್ದರೂ ಇವರು ಏಳ್ತಿರ್ಲಿಲ್ಲ. ನನಗೆ ಪಿಯುಸಿ ಸೀಟು ಸಿಕ್ಕಿದ್ದೇ ಆ ಬೆಂಚಿನಿಂದ. ನಾನೂ ಅವರ ಮಗಳೇ ತಾನೇ? ಬೆಂಚು ದೂರ ಅಂತ ಯೂನಿವರ್ಸಿಟಿಗೆ ಫೋನ್ ಹಚ್ಚಿದೆ.

ಫೋನ್ ಎತ್ತಿದ ಹೆಂಗಸು ಬಹಳ ಮರ್ಯಾದೆಯಿಂದ ಮಾತಾಡಿದಳು. ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಏನೂ ಹೇಳೋ ಹಾಗಿಲ್ಲವಂತೆ. "ನಾನು ಅವಳ ತಾಯಿ," ಅಂದೆ. "ಇವತ್ತು ಫೋನ್ ಮಾಡಿದವರೆಲ್ಲ ತಾಯಂದಿರೇ ಮೇಡಂ," ಅಂದಳು.

ವಿಷಯ ಸಬಾಗೆ ಗೊತ್ತಾಯ್ತು. "ಅಮ್ಮಿ, ಪ್ಲೀಸ್. ಐ ಕ್ಯಾನ್ ಹ್ಯಾಂಡಲ್ ಇಟ್." ಬೇಸಿಗೆ ಕ್ಲಾಸಿನ ಲೆಕ್ಚರರ್‌ಗೆ ಅವಳೇ ಬರೆದಿದ್ದಳು. ಉತ್ತರವೂ ಬಂದಿದೆ: ಸೋಮವಾರ ಮೊದಲ ಕ್ಲಾಸಿಗೆ ಬಂದು ಕೂತಿರು, ಯಾರಾದರೂ ಬರದೇ ಹೋದರೆ ನೋಡೋಣ.

"ನಾನೂ ಬರ್ಲೇನೇ?"

"ಫೈನ್. ಬಟ್ ಸ್ಟೇ ಇನ್ ದ ಕಾರ್, ಓಕೆ?"

ಕಾರಲ್ಲಿ ಕೂತು ನಾನು ಮಾಡಬಹುದಾದ್ದು ದುವಾ ಒಂದೇ. ಆದರೆ ಏನಂತ ಕೇಳಲಿ? ಸಬಾಗೆ ಜಾಗ ಸಿಗಬೇಕಾದರೆ ಒಳಗೆ ಕೂರಬೇಕಾದ ಯಾರೋ ಒಬ್ಬರು ಬರಬಾರದು. ಅವರಿಗೆ ಒಳ್ಳೇ ಕೆಲಸ ಸಿಕ್ಕಿ ಕ್ಲಾಸು ಬಿಡಲಿ ಅನ್ನೋಣ ಅಂದ್ಕೊಂಡೆ. (ಬೇಸಿಗೆ ರಜೆಯಲ್ಲಿ ಕೆಮಿಸ್ಟ್ರಿ ತಗೊಂಡವರು ಸುಮ್ಮನೆ ಬಿಡ್ತಾರಾ? ಅವರಿಗೂ ಎಲ್ಲೋ ಒಂದು ಸೀಟು ಕಾಯ್ತಿರುತ್ತೆ.) ಸೋಮವಾರದ ತನಕ ಯಾಕೆ ಅಂತ ಈಗಲೇ ಮನೆಯಲ್ಲಿ ಜಾನಮಾಜ್ ಚಾಪೆ ಹಾಸಿ ಕೂತಿದ್ದೂ ಆಯ್ತು, ಕೈ ಎತ್ತಿದ್ದೂ ಆಯ್ತು. ಮಾತು ಮುಂದಕ್ಕೆ ಹೋಗ್ತಿಲ್ಲ.

ಇನ್ನೊಬ್ಬ ತಾಯಿಯ ಮಗು ಬರದಿರಲಿ ಅಂತ ದೇವರ ಹತ್ತಿರ ಕೇಳೋಕೆ, ನೀವಾದ್ರೆ ಯಾವ ಮಾತು ಹುಡುಕ್ತೀರಿ?