ಗಾಳೆಮ್ಮನ ನಾದಿನಿ

ನಿಜಾಮರ ಆಳ್ವಿಕೆಯ ಮಸ್ಕಿ ಸಂತೆಯಲ್ಲಿ ಒಣಮೀನು ಮಾರುವ ಗಾಳೆಮ್ಮ ಸಮುದ್ರವನ್ನು ಒಮ್ಮೆಯೂ ಕಂಡವಳಲ್ಲ; ಆದರೆ ಅದರ ಸುದ್ದಿಯನ್ನು ಪಕ್ಕದ ಮನೆಯ ಜಗಳದಂತೆ ಹೇಳುತ್ತಾಳೆ. ಕಡಲಿನೊಳಗೂ ಒಂದು ಹೊಳೆ ಹರಿಯುತ್ತದೆ, ಅದು ಜೋರಾದ ವರ್ಷ ಮೀನು ಕೊಬ್ಬುತ್ತದೆ ಎಂದು ಕಾರವಾರದ ಕಡೆಯಿಂದ ಮೀನು ತರುವ ಹುಸೇನಸಾಬ ಹೇಳಿದ್ದೇ ತಡ, ಆ ಹೊಳೆ ಇವಳಿಗೆ ನಾದಿನಿಯಾಯಿತು. ಕೊಳ್ಳುವವರೆದುರು ಒಣಮೀನಿನ ಹೊಟ್ಟೆ ಮುರಿದು ನೋಡುತ್ತಾಳೆ. ಹೆಬ್ಬೆರಳಿಗೆ ಎಣ್ಣೆ ಅಂಟಿದರೆ, “ನೋಡ್ರೀ, ನಮ್ಮ ನಾದಿನಿ ಮಳಿಗಾಲದಾಗ ದಕ್ಷಿಣಕ್ಕ ಜೋರು ಹರದಾಳ. ತಳದ ತಣ್ಣೀರು ದಂಡಿಗೆ ಏರೈತಿ, ಮೀನು ಮೇದು ಕೊಬ್ಬ್ಯಾವ” ಎನ್ನುತ್ತಾಳೆ, ಅಂಟದಿದ್ದರೆ, “ಈ ಸಲ ಆಕಿ ಮೈಗಳ್ಳಿ ಆಗ್ಯಾಳ.” ಹಗಲು ಮೂಗು ಮುಚ್ಚಿಕೊಂಡು ಹೋಗುವ ದೊಡ್ಡ ಮನೆಯವರು ಸಂಜೆ ಅದೇ ಮೀನನ್ನು ಆಳಿನ ಕಂಬಳಿಯ ಮರೆಯಲ್ಲಿ ತರಿಸಿಕೊಳ್ಳುತ್ತಾರೆ, ಅವರ ಮಡಿ ಸೂರ್ಯನ ಜೊತೆಗೇ ಮುಳುಗುತ್ತದೆ. ಗಾಳೆಮ್ಮನ ತಾಯಿಯನ್ನು ಮೈಲಿಗೆಯೆಂದು ಹಳ್ಳದಾಚೆ ಕೂರಿಸಿದ್ದ ಸಂತೆಯಿದು. ಬೇವಿನ ಮರದ ಕೆಳಗಿನ ಈ ಜಾಗವನ್ನು ಇವಳು ಬೈಸಿಕೊಂಡು, ತಿರುಗಿ ಬೈದು, ಗೆದ್ದುಕೊಂಡಳು. ಒಂದು ವಾರ ತಪ್ಪಿದರೂ ಅದು ಬೇರೆಯವರ ಪಾಲು. ಈ ವರ್ಷ ನಾದಿನಿ ನಿಜವಾಗಿ ಮುನಿದಳು, ದಂಡೆಗೆ ಮೀನೇ ಬರಲಿಲ್ಲ. ಆದರೂ ಗಾಳೆಮ್ಮ ಪ್ರತಿ ಸಂತೆಗೂ ಬಂದು, ಖಾಲಿ ಬುಟ್ಟಿಯ ಮೇಲೆ ಇಲ್ಲದ ನೊಣ ಓಡಿಸುತ್ತ ಸಂಜೆಯವರೆಗೆ ಕೂರುತ್ತಾಳೆ. “ಮಾರಾಕ ಏನೂ ಇಲ್ಲ, ಜಾಗ ಬಿಟ್ಟು ಏಳಬೇ” ಎಂದು ಸಂತೆಯ ಗುತ್ತೇದಾರ ಗದರಿದರೆ, ಅವಳು ಸೆರಗು ಸರಿಮಾಡಿಕೊಂಡು ಇನ್ನಷ್ಟು ಅಗಲವಾಗಿ ಕೂರುತ್ತಾಳೆ: “ಮುನಿಸು ಇಳದ ಮ್ಯಾಲೆ ನಾದಿನಿ ಬರ್ತಾಳ್ರೀ ಸಾವ್ಕಾರ್ರ. ಬಂದಾಗ ಆಕಿ ಹಳ್ಳದಾಚೆ ನನ್ನ ಹುಡುಕಬೇಕೇನು?”